ಅದೇ ಬೀದಿ, ಅದೇ ಬೆಂಚು: ಕೆಲವು ಹುಡುಗರು ಮಾತ್ರ ಯಾಕೆ ದಾರಿ ತಪ್ಪುವುದಿಲ್ಲ?

ಹೈಸ್ಕೂಲ್ ಮೇಷ್ಟ್ರು
ಹದಿಹರೆಯದವರು ಯಾಕೆ ಕೆಡುತ್ತಾರೆ ಅನ್ನುವುದರ ಮೇಲೆ ಭಾಷಣಕ್ಕೇನೂ ಬರವಿಲ್ಲ: ಮೊಬೈಲು, ಸಿನಿಮಾ, ಸಹವಾಸ, ಕಾಲ. ನನಗೆ ಬೇಕಿರುವುದು ಉಲ್ಟಾ ಪ್ರಶ್ನೆ. ಅದೇ ಬೀದಿ, ಅದೇ ತರಗತಿ, ಹೆಚ್ಚುಕಡಿಮೆ ಅಂಥದೇ ಮನೆ. ಒಬ್ಬ ಸಿಗರೇಟು, ಕ್ಲಾಸಿಗೆ ಚಕ್ಕರ್, ಅಂಗಡಿಯಲ್ಲಿ ಕೈಚಳಕ ಎಲ್ಲ ಮುಗಿಸಿರುತ್ತಾನೆ. ಪಕ್ಕದಲ್ಲಿ ಕೂರುವವನು ಒಂದನ್ನೂ ಮುಟ್ಟಿರುವುದಿಲ್ಲ. ಈ ಎರಡನೆಯವನ ಬಗ್ಗೆ ಯಾರಾದರೂ ಸರಿಯಾಗಿ ಅಧ್ಯಯನ ಮಾಡಿದ್ದಾರಾ? ಒಂಬತ್ತು-ಹತ್ತನೇ ತರಗತಿ ಮಕ್ಕಳ ಪೋಷಕರ ಸಭೆಯಲ್ಲಿ ಹೇಳುವಂಥದ್ದು ಬೇಕು. "ಸಂಸ್ಕಾರ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ, ದಯವಿಟ್ಟು.

ಅಂಕಿಸಂಖ್ಯೆ
ಆಗಿದೆ ಮೇಷ್ಟ್ರೇ. ಈ ಪ್ರಶ್ನೆ ಹಿಡಿದವರೆಲ್ಲ ಮೊದಲು ಹೋಗುವುದು ನ್ಯೂಜಿಲೆಂಡಿನ ಡನೀಡಿನ್ ಅಧ್ಯಯನಕ್ಕೆ. 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಆ ಊರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರನೇ ವಯಸ್ಸಿನಿಂದ ಬಿಡದೆ ಹಿಂಬಾಲಿಸಿಕೊಂಡು ಬಂದಿದ್ದಾರೆ. ಆ ಮಾಹಿತಿ ಕೈಯಲ್ಲಿಟ್ಟುಕೊಂಡು ಮನಶ್ಶಾಸ್ತ್ರಜ್ಞೆ ಟೆರ್ರಿ ಮಾಫಿಟ್ 1993ರಲ್ಲಿ ಒಂದು ವಿಂಗಡಣೆ ಮುಂದಿಟ್ಟರು. ಚಿಕ್ಕಂದಿನಲ್ಲೇ ಶುರುವಾಗಿ ದೊಡ್ಡವರಾದ ಮೇಲೂ ಬಿಡದವರದು ಸಣ್ಣ ಗುಂಪು. ಹದಿಮೂರು-ಹದಿನಾಲ್ಕಕ್ಕೆ ಶುರುಮಾಡಿ ಇಪ್ಪತ್ತು ದಾಟುತ್ತಿದ್ದಂತೆ ತಾವಾಗಿಯೇ ಬಿಡುವವರದು ದೊಡ್ಡ ಗುಂಪು. ಮೂರನೆಯದು ನೀವು ಕೇಳಿದ್ದು, ಏನನ್ನೂ ಮಾಡದವರದು. ಡನೀಡಿನ್ನಿನ ಹುಡುಗರಲ್ಲಿ ಇವರು ನೂರಕ್ಕೆ ಸುಮಾರು ಐದು ಮಂದಿ, ಅಷ್ಟೇ.

ಮಾಫಿಟ್ ವಾದ ಹೀಗೆ. ದೇಹ ಹದಿಮೂರಕ್ಕೇ ಬಲಿಯುತ್ತದೆ. ದೊಡ್ಡವರ ಸ್ವಾತಂತ್ರ್ಯ, ದುಡ್ಡು, ಮರ್ಯಾದೆ ಸಿಗುವುದು ಹದಿನೆಂಟು-ಇಪ್ಪತ್ತು ದಾಟಿದ ಮೇಲೆ. ನಡುವಿನ ಐದಾರು ವರ್ಷ ಹುಡುಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆಗ ಸಿಗರೇಟು, ಬೈಕು, ಮನೆಯಲ್ಲಿ ಹೇಳದೆ ತಿರುಗುವುದು ಎಲ್ಲ ದೊಡ್ಡತನದ ಗುರುತಾಗಿ ಕಾಣುತ್ತವೆ. ಮೊದಲೇ ದಾರಿ ಬಿಟ್ಟವರು ಇವನ್ನೆಲ್ಲ ರಾಜಾರೋಷವಾಗಿ ಮಾಡುವುದನ್ನು ನೋಡಿ ಉಳಿದವರು ನಕಲು ಮಾಡುತ್ತಾರೆ. ಹಾಗಿದ್ದರೆ ನಕಲು ಮಾಡದವರು ಯಾರು? ಮಾಫಿಟ್ ಕೊಟ್ಟ ಸಾಧ್ಯತೆಗಳು ನಾಲ್ಕು: ಪ್ರಾಯಕ್ಕೆ ಬರುವುದು ತಡವಾದವರು, ದೊಡ್ಡವರ ಜವಾಬ್ದಾರಿ ಬೇಗ ಸಿಕ್ಕವರು, ನಕಲು ಮಾಡಲು ಅಂಥವರೇ ಸುತ್ತಮುತ್ತ ಇಲ್ಲದವರು, ಸ್ವಭಾವದ ಕಾರಣಕ್ಕೆ ಗೆಳೆಯರ ಗುಂಪು ಹತ್ತಿರವೇ ಸೇರಿಸದವರು.

ಕಡ್ಡಿಮುರಿ
ನಾಲ್ಕನೆಯದನ್ನು ಮೆಲ್ಲಗೆ ಕೊನೆಗೆ ಸೇರಿಸಿಬಿಟ್ಟಿರಿ. ಅಂದರೆ ಒಳ್ಳೆ ಹುಡುಗ ಒಳ್ಳೆಯವನಾಗಿರುವುದು ಅವನಿಗೆ ಗೆಳೆಯರಿಲ್ಲ ಅಂತಲಾ? ಇದನ್ನು ಪೋಷಕರ ಸಭೆಯಲ್ಲಿ ಹೇಳಿದರೆ ಮೇಷ್ಟ್ರ ಕಥೆ ಮುಗೀತು.

ಅಂಕಿಸಂಖ್ಯೆ
@ಕಡ್ಡಿಮುರಿ ಜಗಳ ನಡೆದದ್ದೇ ಅಲ್ಲಿ. ಮಾಫಿಟ್‌ಗೆ ಆ ಅನುಮಾನ ಬರಲು 1990ರ ಇನ್ನೊಂದು ಅಧ್ಯಯನ ಕಾರಣ. ಜೊನಾಥನ್ ಶೆಡ್ಲರ್ ಮತ್ತು ಜ್ಯಾಕ್ ಬ್ಲಾಕ್, ಸ್ಯಾನ್ ಫ್ರಾನ್ಸಿಸ್ಕೊ ಕಡೆಯ 101 ಮಕ್ಕಳನ್ನು ಶಿಶುವಿಹಾರದಿಂದ 18ರವರೆಗೆ ನೋಡಿದ್ದರು. ಮಾದಕವಸ್ತುವನ್ನು ಒಮ್ಮೆಯೂ ಮುಟ್ಟದವರು ಆತಂಕದವರು, ಭಾವನೆ ಬಿಗಿಹಿಡಿಯುವವರು, ಜನರೊಡನೆ ಬೆರೆಯಲು ತಡವರಿಸುವವರು ಎಂದು ಕಂಡಿತು. ಡನೀಡಿನ್ನಿನ ಆ ಐದು ಶೇಕಡ ಹುಡುಗರೂ 18ರಲ್ಲಿ ಹೆಚ್ಚುಕಡಿಮೆ ಹಾಗೇ ಕಂಡರು: ಅತಿ ಸಂಯಮ, ಕುತೂಹಲ ಕಡಿಮೆ, ಒಂಟಿ.

ಆದರೆ ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಅದೇ ಹುಡುಗರು 26ಕ್ಕೆ ಬಂದಾಗ ಮತ್ತೆ ನೋಡಿದರು. ತಡವಾಗಿ ಕೆಟ್ಟವರು ಅವರಲ್ಲಿ ಇರಲಿಲ್ಲ. ಓದು ಮುಗಿಸಿ, ಒಳ್ಳೆಯ ಕೆಲಸ ಹಿಡಿದು, ಮದುವೆಯಾಗಿ, ಭವಿಷ್ಯದ ಬಗ್ಗೆ ಭರವಸೆಯಿಂದಿದ್ದರು. 16ರಲ್ಲಿ ಗುಂಪಿಗೆ ಒಗ್ಗದ ಸ್ವಭಾವವೇ 26ರಲ್ಲಿ ಕೈಹಿಡಿಯಿತು. ಆಮೇಲೆ ಅಮೆರಿಕದ ದೊಡ್ಡ ಸಮೀಕ್ಷೆಗಳಲ್ಲಿ ಇದನ್ನೇ ಪರೀಕ್ಷಿಸಿದರು. 2005ರಲ್ಲಿ ಪಿಕೆರೊ, ಬ್ರೆಜಿನಾ, ಟರ್ನರ್ ನೋಡಿದಾಗ, ಏನೂ ಮಾಡದವರು ಗೆಳೆಯರೊಡನೆ ಅಡ್ಡಾಡುವುದು ಕಡಿಮೆ ಎಂಬುದು ನಿಜವೆಂದು ಕಂಡಿತು. ಅದಕ್ಕೆ ಅವರ ಸ್ವಭಾವದ ಕೊರತೆ ಕಾರಣ ಎಂಬುದು ಮಾತ್ರ ನಿಲ್ಲಲಿಲ್ಲ. 2010ರಲ್ಲಿ ಚೆನ್ ಮತ್ತು ಆಡಮ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವರಿಗೆ ಗೆಳೆಯರಿದ್ದಾರೆ, ಅವರೂ ಇಂಥವರೇ ಆಗಿರುತ್ತಾರೆ, ಅಷ್ಟೇ ಎಂದರು.

ಧಾರವಾಡದಾಂವ
ಅಲ್ರೀ, ಎಲ್ಲಾರೂ ಒಂದು ಮಾತು ಬಿಟ್ಟು ಮಾತಾಡಾಕತ್ತೀರಿ. "ಏನೂ ಮಾಡದವರು" ಅಂದ್ರ ಯಾವ ಪಟ್ಟಿ ಹಿಡಿದು ಲೆಕ್ಕಾ ಹಾಕ್ತೀರಿ? ಪಟ್ಟಿಯೊಳಗ "ಮನ್ಯಾಗ ಸುಳ್ಳು ಹೇಳೂದು" ಸೇರಿಸಿದ್ರ ಊರಾಗ ಒಬ್ಬ ಸೈತ ಉಳಿಯಂಗಿಲ್ಲ. ಬರೇ ಕಳವು, ಹೊಡೆದಾಟ ಹಿಡದ್ರ ಮುಕ್ಕಾಲುಪಾಲು ಮಂದಿ ದೇವರಂಥವರು. "ಹೋದ ವರ್ಷದಾಗ ಮಾಡೀಯೇನು" ಅಂತ ಕೇಳೂದು ಬ್ಯಾರೆ, "ಹುಟ್ಟಿದಾಗಿಂದ ಎಂದರ" ಅಂತ ಕೇಳೂದು ಬ್ಯಾರೆ. ಡನೀಡಿನ್‌ದಾಗ ಐದು ಶೇಕಡ ಬಂದದ್ದು ಯಾಕಂದ್ರ ಅಲ್ಲಿ ಜರಡಿ ಭಾಳ ಸಣ್ಣದಿತ್ತು: ಸಣ್ಣಂದಿನಿಂದ 18ರ ತನಕ ಪ್ರತಿ ಹಂತದಾಗೂ, ತಾಯಿ-ತಂದಿ, ಮಾಸ್ತರು, ಹುಡುಗ, ಮೂರೂ ಕಡೆಯಿಂದ ಕೇಳಿದ್ರು.

ಮಾಸ್ತರ, ನಿಮ್ಮ ಸಾಲ್ಯಾಗ ಒಂದು ಸಣ್ಣ ಸಮೀಕ್ಷೆ ಮಾಡೂದಿದ್ರ ಇಷ್ಟು ನೋಡ್ರಿ. ಹೆಸರು, ರೋಲ್ ನಂಬರ್ ಬ್ಯಾಡ. ಕಲಿಸೋ ಮಾಸ್ತರು ಖೋಲಿಯೊಳಗ ಇರಬಾರದು, ಹೊರಗಿನವರು ಹಾಳಿ ಹಂಚಬೇಕು. ಒಂದೇ ನಮೂನಿ ಪೆನ್ನು ಕೊಡ್ರಿ, ಇಲ್ಲಾಂದ್ರ ನೀಲಿ-ಕಪ್ಪು ಶಾಯಿ ನೋಡಿ ಯಾರದು ಅಂತ ಗುರುತು ಹಿಡೀತಾರ ಅಂತ ಹುಡುಗರು ಅಂಜತಾರ. ಉತ್ತರದ ಹಾಳಿ ಲಕೋಟಿಯೊಳಗ ಹಾಕಿ, ಅಂಟಿಸಿ, ಡಬ್ಬಿಗೆ ಹಾಕಬೇಕು. ಜಂಬಕ್ಕ ಬರೆಯೋರನ್ನ ಹಿಡಿಯಾಕ ಯುರೋಪಿನ ಸಾಲಿ ಮಕ್ಕಳ ಮಾದಕವಸ್ತು ಬಳಕಿ ಕೇಳೋ ಈಸ್ಪ್ಯಾಡ್ ಸಮೀಕ್ಷಾದಾಗ ಒಂದು ಉಪಾಯ ಮಾಡ್ಯಾರ: "ರೆಲೆವಿನ್" ಅನ್ನೋ ಇಲ್ಲದ ಮಾದಕವಸ್ತುವಿನ ಹೆಸರು ಪಟ್ಟಿಯೊಳಗ ತುರುಕತಾರ. ಅದನ್ನೂ ತಗೊಂಡೀನಿ ಅಂತ ಬರೆದವರ ಹಾಳಿ ಬದಿಗಿಡೂದು. ಮತ್ತ ಒಂದು ಹುಡುಗ "ಇಲ್ಲ" ಅಂತ ಎಲ್ಲಾದಕ್ಕೂ ಗೀಟು ಹೊಡೆದು ಎರಡು ನಿಮಿಷದಾಗ ಮುಗಿಸಿದ್ರ ಅಂವಾ ಒಳ್ಳೇ ಹುಡುಗ ಅಂತಲ್ಲ, ಓದಿಲ್ಲ ಅಂತ.

ಕಡ್ಡಿಮುರಿ
ಶೆಡ್ಲರ್-ಬ್ಲಾಕ್ ಬಗ್ಗೆಯೂ ಅದೇ ಆಕ್ಷೇಪ. 1980ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಒಮ್ಮೆ ಎಳೆದು ನೋಡುವುದು ಹದಿಹರೆಯದಲ್ಲಿ ಸಾಮಾನ್ಯವಾಗಿತ್ತು. ಎಲ್ಲರೂ ಮಾಡುವ ಕಡೆ ಮಾಡದವನು ಸಹಜವಾಗಿ ವಿಚಿತ್ರವಾಗಿ ಕಾಣುತ್ತಾನೆ. ಶಿರಸಿಯ ಒಂದು ಹೆಣ್ಣುಮಗಳು ಸಿಗರೇಟು ಸೇದಿಲ್ಲ ಎಂಬುದರಿಂದ ಅವಳ ಸ್ವಭಾವದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅಲ್ಲಿನ ತೀರ್ಮಾನವನ್ನು ಎತ್ತಿ ಇಲ್ಲಿ ಕೂರಿಸಲು ಬರುವುದಿಲ್ಲ.

ಆಪ್ತಸಮಾಲೋಚಕಿ
ಒಪ್ಪಿದೆ. ಆದರೆ ಮಾಫಿಟ್ ಹೇಳಿದ್ದರಲ್ಲಿ ಕೆಲಸಕ್ಕೆ ಬರುವ ಒಂದು ಅಂಶ ಇದೆ, ಅದನ್ನು ಕೈಬಿಡಬಾರದು: ಹೊರಗಿನಿಂದ ಒಂದೇ ಥರ ಕಾಣುವ "ಒಳ್ಳೆ ಹುಡುಗರು" ಒಳಗೆ ಒಂದೇ ಥರ ಇರುವುದಿಲ್ಲ. ಶಾಲೆಯಲ್ಲಿ ಇವರನ್ನು ಯಾರೂ ನೋಡುವುದೇ ಇಲ್ಲ, ಏಕೆಂದರೆ ತೊಂದರೆ ಕೊಡುವುದಿಲ್ಲ.

ಗುರುತಿಸಲು ಎರಡು-ಮೂರು ಪ್ರಶ್ನೆ ಸಾಕು. "ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡ್ತೀಯ?" "ಸಿಗರೇಟಿಗೋ ಚಕ್ಕರ್ ಹೊಡೆಯಲಿಕ್ಕೋ ಯಾರಾದರೂ ಕರೆದಿದ್ದರಾ? ಏನು ಹೇಳಿ ತಪ್ಪಿಸಿಕೊಂಡೆ?" "ಮಾಡಿದರೆ ಏನಾಗುತ್ತೆ ಅಂತ ಅನಿಸಿತು?" ಕರೆದರೂ ಹೋಗದೆ ಗೆಳೆತನ ಉಳಿಸಿಕೊಂಡವನು ಗಟ್ಟಿ. ಯಾರೂ ಕರೆದೇ ಇಲ್ಲದವನು ಇನ್ನೂ ಪರೀಕ್ಷೆಗೇ ಕೂತಿಲ್ಲ; ಮೊದಲ ಬಾರಿ ಕರೆದವರು ಯಾರೇ ಆಗಲಿ, ಅವರ ಹಿಂದೆ ಹೋಗುವ ಅಪಾಯ ಇವನಿಗೇ ಹೆಚ್ಚು. ಅವನಿಗೆ ಬೇಕಿರುವುದು ಬುದ್ಧಿವಾದ ಅಲ್ಲ, ಒಬ್ಬ ಗೆಳೆಯ. ಗುಂಪು ಕೆಲಸದಲ್ಲಿ ಅವನನ್ನು ಮೃದು ಸ್ವಭಾವದ ಇಬ್ಬರ ಜೊತೆ ಹಾಕಿ, ಒಂದು ಅವಧಿ ಪೂರ್ತಿ ಬದಲಾಯಿಸಬೇಡಿ.

ಮೂರನೇ ಪ್ರಶ್ನೆಗೆ "ಅಪ್ಪ ಹೊಡೀತಾರೆ" ಎಂಬ ಉತ್ತರ ಬಂದರೆ ಗಮನಿಸಿ. ಅಪ್ಪನ ಕಣ್ಣಿಂದ ದೂರವಾದ ದಿನ ಆ ತಡೆ ಇರುವುದಿಲ್ಲ. ನಮ್ಮಲ್ಲಿ ಆ ದಿನ ಯಾವುದು ಎಂದು ಮೊದಲೇ ಗೊತ್ತಿರುತ್ತದೆ: ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಪೇಟೆಯ ಹಾಸ್ಟೆಲ್ಲಿಗೋ ಪಿಜಿಗೋ ಸೇರುವ ದಿನ. "ಆ ಅಂಗಡಿಯವರು ಪಾಪ ದಿನಾ ಕಾಣ್ತಾರೆ, ಅವರದ್ದು ಹೇಗೆ ಕದಿಯೋದು" ಎನ್ನುವವನ ತಡೆ ಅವನ ಜೊತೆಗೇ ಹಾಸ್ಟೆಲ್ಲಿಗೂ ಹೋಗುತ್ತದೆ. ಅಪರಾಧ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಟ್ರಾವಿಸ್ ಹಿರ್ಶಿ 1969ರಲ್ಲಿ ಹೇಳಿದ ಮಾತೂ ಇದೇ: ಮಾಡುವ ಗಳಿಗೆಯಲ್ಲಿ ತಂದೆತಾಯಿ ಎದುರಿಗೆ ಇರುವುದಿಲ್ಲ, ಮನಸ್ಸಿನಲ್ಲಿ ಇದ್ದಾರೋ ಇಲ್ಲವೋ ಎಂಬುದೇ ಪ್ರಶ್ನೆ.

ತುಂಗಾತೀರ
ಸ್ವಭಾವ, ನಂಬಿಕೆ ಎಲ್ಲ ಸರಿ. ನನ್ನ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದ್ದು: ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಹುಡುಗ ಎಲ್ಲಿ ಇದ್ದಾನೆ?

1996ರಲ್ಲಿ ವೇಯ್ನ್ ಆಸ್‌ಗುಡ್ ಮತ್ತು ಸಂಗಡಿಗರು ಅಮೆರಿಕದ ಸಮೀಕ್ಷೆ ಇಟ್ಟುಕೊಂಡು ತೋರಿಸಿದ್ದು: ಜೊತೆಗೆ ಓರಗೆಯವರು ಇದ್ದಾರೆ, ಜವಾಬ್ದಾರಿಯ ಹಿರಿಯರು ಇಲ್ಲ, ಮಾಡಲು ಗೊತ್ತಾದ ಕೆಲಸವೂ ಇಲ್ಲ. ಈ ಮೂರೂ ಒಟ್ಟಿಗೆ ಕೂಡಿದ ಹೊತ್ತು ಹೆಚ್ಚಿದಷ್ಟೂ ಕಿಡಿಗೇಡಿತನ ಹೆಚ್ಚು. ಮೂರರಲ್ಲಿ ಒಂದನ್ನು ತೆಗೆದರೂ ಸಾಕು, ಅಪಾಯ ಇಳಿಯುತ್ತದೆ. ಅಮೆರಿಕದಲ್ಲಿ ಶಾಲೆ ಇರುವ ದಿನಗಳಲ್ಲಿ ಹುಡುಗರ ಹಿಂಸಾಕೃತ್ಯ ಏರುವುದು ನಡುರಾತ್ರಿಯಲ್ಲಲ್ಲ, ಶಾಲೆ ಬಿಡುವ ಮಧ್ಯಾಹ್ನ ಮೂರರ ಹೊತ್ತಿಗೆ.

ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಪೆರ್-ಓಲೊಫ್ ವಿಕ್‌ಸ್ಟ್ರೋಮ್ ತಂಡ ಇನ್ನೂ ಸೂಕ್ಷ್ಮವಾಗಿ ಅಳೆಯಿತು. ಸುಮಾರು 700 ಮಕ್ಕಳ ನಾಲ್ಕು ದಿನಗಳ ದಿನಚರಿಯನ್ನು ಗಂಟೆ ಗಂಟೆಗೆ ಬರೆಸಿಕೊಂಡರು: ಎಲ್ಲಿ, ಯಾರ ಜೊತೆ, ಏನು ಮಾಡುತ್ತ. ಮೇಲ್ವಿಚಾರಣೆ ಇಲ್ಲದೆ ಗೆಳೆಯರೊಡನೆ ಕಳೆದ ಗಂಟೆಗಳಲ್ಲೇ ಅಪರಾಧ ಗುಂಪುಗೂಡಿತ್ತು. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಅದರ ಮುಂದಿನದು: ಅದೇ ಜಾಗ, ಅದೇ ಹೊತ್ತು, ಅಂಥದೇ ಗುಂಪಿನಲ್ಲಿದ್ದರೂ ಸರಿ-ತಪ್ಪಿನ ನಂಬಿಕೆ ಗಟ್ಟಿಯಿದ್ದ ಮಕ್ಕಳು ಬಹುಮಟ್ಟಿಗೆ ಏನೂ ಮಾಡಲಿಲ್ಲ. ಅವರು ಆಸೆ ಹತ್ತಿಕ್ಕಿಕೊಂಡು ಒದ್ದಾಡುವುದಲ್ಲ. ಕದಿಯಬಹುದು ಎಂಬ ಆಯ್ಕೆ ಅವರ ಕಣ್ಣಿಗೇ ಬೀಳುವುದಿಲ್ಲ. ನಡುವಿನವರಿಗೆ, ಅಂದರೆ ನಮ್ಮ ತರಗತಿಯ ಬಹಳಷ್ಟು ಮಕ್ಕಳಿಗೆ, ಸಂದರ್ಭ ಯಾವುದು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಹೈಸ್ಕೂಲ್ ಮೇಷ್ಟ್ರು
ಹಾಗಾದರೆ ಸಂಜೆಯೆಲ್ಲ ಟ್ಯೂಷನ್ನು, ಕ್ರಿಕೆಟ್ ಕೋಚಿಂಗು, ಕರಾಟೆ ಅಂತ ತುಂಬಿಬಿಟ್ಟರೆ ಆಯಿತಲ್ಲ? ಪೋಷಕರು ಕೇಳುವುದೇ ಇದನ್ನು.

ತುಂಗಾತೀರ
ಅಷ್ಟು ಸುಲಭ ಇಲ್ಲ ಗುರುಗಳೇ. ದಾರಿ ತಪ್ಪದಂತೆ ತಡೆಯುತ್ತವೆ ಎಂದು ಹಿರ್ಶಿ ಹೇಳಿದ ನಾಲ್ಕು ಬಂಧಗಳಲ್ಲಿ (ಹತ್ತಿರದವರ ಮೇಲಿನ ಪ್ರೀತಿ, ಮುಂದಿನ ಬದುಕಿನ ಮೇಲೆ ಹಾಕಿದ ಶ್ರಮ, ಕೆಲಸದಲ್ಲಿ ತೊಡಗಿರುವುದು, ನಿಯಮದ ಮೇಲಿನ ನಂಬಿಕೆ) ಪರೀಕ್ಷೆಯಲ್ಲಿ ಸೊರಗಿದ್ದು ಮೂರನೆಯದೇ. ಬಿಡುವಿಲ್ಲದೆ ಇರುವುದು ತಾನಾಗಿ ಕಾಪಾಡುವುದಿಲ್ಲ. ಕಿಡಿಗೇಡಿತನಕ್ಕೆ ದಿನವೇನೂ ಬೇಕಿಲ್ಲ, ಹತ್ತು ನಿಮಿಷ ಸಾಕು.

ಸ್ವೀಡನ್ನಿನ ಉದಾಹರಣೆ ನಮ್ಮ ಊರಿನ ಯುವಕ ಸಂಘಗಳು ಓದಬೇಕಾದ್ದು. ಅಲ್ಲಿ ಹುಡುಗರು ಬೀದಿಗೆ ಬೀಳಬಾರದೆಂದು ಸಂಜೆ ಮನರಂಜನಾ ಕೇಂದ್ರ ತೆರೆದಿದ್ದರು: ಪೂಲ್ ಟೇಬಲ್, ಟಿವಿ, ಸಂಗೀತ, ಕಾಫಿ. ಹಿರಿಯರು ಇರುತ್ತಿದ್ದರು, ಆದರೆ ಏನನ್ನೂ ನಡೆಸುತ್ತಿರಲಿಲ್ಲ. ಜೋಸೆಫ್ ಮಹೋನಿ, ಹೋಕನ್ ಸ್ಟಾಟಿನ್ ಮುಂತಾದವರು ನೋಡಿದಾಗ, ಈ ಕೇಂದ್ರಕ್ಕೆ ಹೋಗುವ ಹುಡುಗರೇ ಮುಂದೆ ಹೆಚ್ಚು ಅಪರಾಧಕ್ಕೆ ಬಿದ್ದಿದ್ದರು. ಮೊದಲೇ ತೊಂದರೆಯಲ್ಲಿದ್ದವರು ಅಲ್ಲಿ ಸೇರುತ್ತಾರೆ, ಒಬ್ಬರಿಗೊಬ್ಬರು ಸಿಗುತ್ತಾರೆ. ಅದೇ ಊರುಗಳಲ್ಲಿ ಗೊತ್ತಾದ ಸಮಯ, ಕಲಿಸುವ ಹಿರಿಯರು, ಮುಂದಿನ ಗುರಿ ಇದ್ದ ಚಟುವಟಿಕೆಗಳ ಮಕ್ಕಳಲ್ಲಿ ಇದು ಕಡಿಮೆ. ಒಂದು ಕೋಣೆ, ಕೇರಂ ಬೋರ್ಡು, ಕೀಲಿಕೈ ದೊಡ್ಡ ಹುಡುಗನ ಕೈಗೆ, ಈ ಮಾದರಿಯನ್ನು ಕೂಡಲೇ ನಿಲ್ಲಿಸಬೇಕು. ಅದೇ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಕಬಡ್ಡಿ ತಂಡದ ತರಬೇತಿದಾರ ಹಾಜರಿ ತೆಗೆದುಕೊಂಡರೆ ಅದು ಬೇರೆಯೇ ಆಗುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಸಂಜೆ ತೆರೆದಿದ್ದು ಮೇಲ್ವಿಚಾರಕರು ಒಳಗೆ ಇದ್ದರೆ ಅದೂ ಆಗುತ್ತದೆ.

ಟ್ಯೂಷನ್ ವಿಷಯ: ಪಾಠದ ಒಂದೂವರೆ ಗಂಟೆ ಅಲ್ಲ, ಹೋಗುವ-ಬರುವ ನಡುವಿನ ಮುಕ್ಕಾಲು ಗಂಟೆ ಗಮನಿಸಿ. "ಟ್ಯೂಷನ್ನಿಗೆ ಹೋಗಿದ್ದೆ" ಎಂಬುದು ಎಲ್ಲ ಪ್ರಶ್ನೆಗೂ ಉತ್ತರವಾಗಿಬಿಡುತ್ತದೆ. ಬಿಡುವ ಸಮಯ ಬದಲಾದರೆ ಟ್ಯೂಷನ್ನಿನವರು ಮನೆಗೊಂದು ಸಂದೇಶ ಹಾಕುವ ವ್ಯವಸ್ಥೆ ಇರಲಿ.

ಮೂಡುಬಿದಿರೆ ಅಮ್ಮ
ಅಂದರೆ ಫೋನಿನಲ್ಲಿ ಲೊಕೇಶನ್ ಹಾಕಿಟ್ಟರೆ ಸಾಕಾ? ಈಗ ಎಲ್ಲರೂ ಹಾಗೆಯೇ ಮಾಡುವುದಲ್ವಾ.

ಆಪ್ತಸಮಾಲೋಚಕಿ
ಮೇಡಂ, ಫೋನು ಎಲ್ಲಿದೆ ಎಂದು ಗೊತ್ತಾಗುತ್ತದೆ, ಮಗ ಎಲ್ಲಿದ್ದಾನೆ ಎಂದಲ್ಲ. ಫೋನನ್ನು ಗೆಳೆಯನ ಬ್ಯಾಗಿನಲ್ಲಿ ಹಾಕಿ ಟ್ಯೂಷನ್ನಿಗೆ ಕಳಿಸಿದರೆ ಮುಗೀತು.

ಇದರ ಮೇಲೆ 2000ರಲ್ಲಿ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಮಾಡಿದ ಕೆಲಸ ಇಡೀ ಕ್ಷೇತ್ರದ ಯೋಚನೆಯನ್ನೇ ತಿರುಗಿಸಿತು. ಅದುವರೆಗೆ ಎಲ್ಲರೂ ಹೇಳುತ್ತಿದ್ದುದು, ಮಕ್ಕಳ ಮೇಲೆ ನಿಗಾ ಇಡುವ ಮನೆಯಲ್ಲಿ ಮಕ್ಕಳು ಕೆಡುವುದಿಲ್ಲ ಎಂದು. ಇವರು 14 ವರ್ಷದ 703 ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಕೇಳಿ, ಮನೆಯವರಿಗೆ ವಿಷಯ ಗೊತ್ತಾಗುವುದು ಹೇಗೆ ಎಂಬುದನ್ನು ಮೂರು ಪಾಲು ಮಾಡಿದರು: ಮಗು ತಾನಾಗಿ ಹೇಳುವುದು, ಮನೆಯವರು ಕೇಳಿ ತಿಳಿಯುವುದು, ಕಟ್ಟುನಿಟ್ಟಿನಿಂದ ತಿಳಿಯುವುದು. ಮಕ್ಕಳ ಒಳ್ಳೆಯ ನಡವಳಿಕೆಗೆ ಬಲವಾಗಿ ಹೊಂದಿಕೊಂಡದ್ದು ಮೊದಲನೆಯದೇ. ಉಳಿದೆರಡರ ಪಾತ್ರ ಸಣ್ಣದು. ಸದಾ ಹಿಡಿತದಲ್ಲಿದ್ದೇನೆ ಎಂದು ಅನಿಸಿದ ಮಕ್ಕಳಲ್ಲಂತೂ ತೊಂದರೆ ಹೆಚ್ಚೇ ಇತ್ತು.

ಮಕ್ಕಳು ಹೇಳುವುದನ್ನು ನಿಲ್ಲಿಸುವುದು ಯಾಕೆ? ಹೇಳಿದ್ದಕ್ಕೇ ಪೆಟ್ಟು ಬಿದ್ದಾಗ. "ರಾಜು ಇವತ್ತು ಸಿಗರೇಟು ಸೇದಿದ" ಎಂದು ಮಗ ಹೇಳಿದ ಕೂಡಲೇ "ಇನ್ನು ಅವನ ಜೊತೆ ಸೇರಬೇಡ" ಎಂದರೆ, ಅವನು ಕಲಿಯುವ ಪಾಠ ಒಂದೇ: ಹೇಳಬಾರದು. ಹೀಗೆ ಮಾಡಿ ನೋಡಬಹುದು. ಹೇಳಿದ ದಿನ ತೀರ್ಪು ಬೇಡ, "ಆಮೇಲೆ? ನೀನೇನಂದೆ?" ಎಂದು ಎರಡು ಪ್ರಶ್ನೆ ಸಾಕು. ಶಿಕ್ಷೆ ಅಥವಾ ಹೊಸ ನಿಯಮ ಬೇಕೇ ಬೇಕಿದ್ದರೆ ಮರುದಿನಕ್ಕಿಡಿ. ತಾನಾಗಿ ಹೇಳಿದ ತಪ್ಪಿಗೂ ಸಿಕ್ಕಿಬಿದ್ದ ತಪ್ಪಿಗೂ ಒಂದೇ ಶಿಕ್ಷೆ ಕೊಡಬೇಡಿ. ಅವನು ಗುಟ್ಟಾಗಿ ಹೇಳಿದ್ದನ್ನು ಚಿಕ್ಕಮ್ಮನ ಫೋನಿನಲ್ಲಿ ಹಂಚಿಕೊಂಡರಂತೂ ಬಾಗಿಲು ಮುಚ್ಚಿತು. ಎದುರು ಕೂರಿಸಿ ಕೇಳುವುದಕ್ಕಿಂತ, ಸ್ಕೂಟರಿನ ಹಿಂದೆ ಕೂತಾಗ, ಬಟಾಣಿ ಸುಲಿಯುವಾಗ, ಮುಖ ನೋಡದೆ ನಡೆಯುವ ಮಾತಿನಲ್ಲಿ ಹೆಚ್ಚು ಹೊರಬರುತ್ತದೆ.

ನಿಯಮವೇ ಬೇಡ ಎಂದು ಇದರ ಅರ್ಥವಲ್ಲ. ಎಷ್ಟು ಹೊತ್ತಿಗೆ ಮನೆ, ಯಾರ ಜೊತೆ, ತಡವಾದರೆ ಫೋನು. ಈ ಮೂರು ಮೊದಲೇ ಮಾತಾಡಿಕೊಂಡು ಗಟ್ಟಿ ಇರಲಿ.

ಅಂಕಿಸಂಖ್ಯೆ
ಒಂದು ಸಣ್ಣ ಎಚ್ಚರಿಕೆ. ಕೆಟ್ಟದ್ದು ಮಾಡದವನಿಗೆ ಹೇಳಲು ಭಯವಿಲ್ಲ, ಅದಕ್ಕೇ ಹೇಳುತ್ತಾನೆ. ಆದ್ದರಿಂದ "ಹೇಳುವುದರಿಂದ ಒಳ್ಳೆಯವನಾದ" ಎಂದು ಪೂರ್ತಿ ಹೇಳಲು ಬಾರದು. ಆದರೂ ಮೇಡಂ ಕೊಟ್ಟ ಸಲಹೆಗಳಿಂದ ನಷ್ಟವೇನಿಲ್ಲ.

ಧಾರವಾಡದಾಂವ
ಗೆಳ್ಯಾರ ಎದುರಿಗೆ "ಒಲ್ಲೆ" ಅನ್ನೂದು ಹೆಂಗ ಅಂತ ಯಾರೂ ಹೇಳಲಿಲ್ಲಲ್ರೀ? ಒಬ್ಬನ ಇದ್ದಾಗ ಶಾಣ್ಯಾ ಇರ್ತಾನ, ನಾಲ್ಕು ಮಂದಿ ಕೂಡಿದ್ರ ಹುಚ್ಚ ಆಗ್ತಾನ. 2005ರಾಗ ಗಾರ್ಡನರ್ ಮತ್ತ ಸ್ಟೈನ್‌ಬರ್ಗ್ 306 ಮಂದಿಗೆ ಕಂಪ್ಯೂಟರಿನ್ಯಾಗ ಕಾರು ಓಡಿಸೋ ಆಟ ಕೊಟ್ಟಿದ್ರು. ಹಳದಿ ದೀಪ ಬಂದ ಮ್ಯಾಲೆ ಎಷ್ಟು ದೂರ ಹೊಡೀತಾರ ಅಂತ ನೋಡೂದು. 13-16ರ ಹುಡುಗರು ಗೆಳ್ಯಾರು ಬಾಜೂಕ ನಿಂತಾಗ ಸುಮಾರು ಎರಡು ಪಟ್ಟು ಅಪಾಯ ತಗೊಂಡ್ರು. 24 ದಾಟಿದವರಿಗೆ ಯಾರು ನಿಂತರೂ ಅಷ್ಟ.

ಹಿಂಗಾಗಿ ಆ ಹೊತ್ತಿನ್ಯಾಗ ವಿಚಾರ ಮಾಡು ಅನ್ನೂದು ಉಪಯೋಗ ಇಲ್ಲ, ಮೊದಲ ತಯಾರಿ ಬೇಕು. ಮಗ, ಮನೆಯವರು ಕೂಡಿ ಒಂದು ಗುಟ್ಟಿನ ಮಾತು ಗೊತ್ತುಮಾಡ್ರಿ. ಅಂವಾ "ಅಜ್ಜಿ ಗುಳಿಗಿ ತಗೊಂಡ್ಲೇನು?" ಅಂತ ಮೆಸೇಜ್ ಹಾಕಿದ್ರ ಎರಡು ನಿಮಿಷದಾಗ ಮನಿಯಿಂದ ಫೋನ್ ಬರಬೇಕು, ಜೋರಲೆ: "ಎಲ್ಲದಿ? ಈಗಿಂದೀಗ ಮನೀಗೆ ಬಾ!" ಗೆಳ್ಯಾರ ಮುಂದ ಬೈಸಿಕೊಂಡಂಗೂ ಆತು, ಮಾನಾನೂ ಉಳೀತು. ಕರಾರು ಒಂದ: ಆ ದಿನ ಏನೂ ಕೇಳಬಾರದು. ಕೇಳಿದ್ರ ಎರಡನೇ ಸಲ ಮೆಸೇಜ್ ಬರೂದಿಲ್ಲ.

ಪೊಲೀಸ್ ಅಂಕಲ್ ಬಂದು ಸಾಲ್ಯಾಗ "ಬೇಡ ಅನ್ನಿ" ಭಾಷಣ ಮಾಡೂದರ ಮ್ಯಾಲೆ ಭಾಳ ಆಸೆ ಇಟ್ಕೋಬ್ಯಾಡ್ರಿ. ಲಾಸ್ ಏಂಜಲೀಸ್‌ದಾಗ 1983ಕ್ಕ ಶುರುವಾದ, ಪೊಲೀಸರು ಸಾಲಿಗೆ ಬಂದು ಪಾಠ ಹೇಳೋ ಇಂಥಾದ್ದ ಡೇರ್ ಕಾರ್ಯಕ್ರಮ ಅಮೆರಿಕಾ ತುಂಬ ಹಬ್ಬಿತು. ಮೊದಲಿನ ಪಠ್ಯ ಹಿಡಿದು ಅಳೆದಾಗೆಲ್ಲಾ ಮಕ್ಕಳ ಮಾದಕವಸ್ತು ಬಳಕಿ ಮ್ಯಾಲೆ ಪರಿಣಾಮ ಹೆಚ್ಚುಕಡಿಮಿ ಸೊನ್ನಿ.

ಹೈಸ್ಕೂಲ್ ಮೇಷ್ಟ್ರು
ನಮ್ಮ ಶಾಲಾಭಿವೃದ್ಧಿ ಸಮಿತಿಯ ಒಬ್ಬರು, ತೊಂದರೆ ಕೊಡುವ ಹತ್ತು-ಹನ್ನೆರಡು ಹುಡುಗರನ್ನು ಒಟ್ಟಿಗೆ ಕೂರಿಸಿ ವಾರಕ್ಕೊಂದು ಕ್ಲಾಸು ತೆಗೆದುಕೊಳ್ಳೋಣ, ಒಮ್ಮೆ ಜೈಲು ತೋರಿಸಿಕೊಂಡು ಬರೋಣ ಎನ್ನುತ್ತಿದ್ದಾರೆ.

ಅಂಕಿಸಂಖ್ಯೆ
ಎರಡನ್ನೂ ನಿಲ್ಲಿಸಿ. ಇದು ಅಭಿಪ್ರಾಯವಲ್ಲ, ಈ ಕ್ಷೇತ್ರದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗುವುದು ಅಪರೂಪ.

ಜೈಲು ತೋರಿಸಿ ಹೆದರಿಸುವ ಕ್ರಮ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 1970ರ ದಶಕದಲ್ಲಿ ಹೆಸರಾಯಿತು. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿದ ಒಂಬತ್ತು ಪ್ರಯೋಗಗಳನ್ನು ಆಂಥನಿ ಪೆಟ್ರೊಸಿನೊ ಮತ್ತು ಸಂಗಡಿಗರು ಒಟ್ಟುಹಾಕಿದರು. ಹೋಗಿಬಂದವರು ಮುಂದೆ ಅಪರಾಧ ಮಾಡಿದ್ದು ಹೋಗದವರಿಗಿಂತ ಹೆಚ್ಚು. ಏನೂ ಮಾಡದೆ ಇದ್ದಿದ್ದರೇ ಒಳ್ಳೆಯದಿತ್ತು.

ಒಟ್ಟಿಗೆ ಕೂರಿಸುವುದು ಅದಕ್ಕಿಂತ ಹಳೆಯ ಪಾಠ. ಅಮೆರಿಕದ ಕೇಂಬ್ರಿಜ್-ಸಾಮರ್‌ವಿಲ್‌ನಲ್ಲಿ 506 ಹುಡುಗರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ 1939ರಿಂದ 1945ರವರೆಗೆ ಆಪ್ತಸಲಹೆ, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಹುಡುಕಿ ನೋಡಿದರೆ ನೆರವು ಪಡೆದವರ ಸ್ಥಿತಿಯೇ ಕೆಟ್ಟಿತ್ತು, ಅದರಲ್ಲೂ ಶಿಬಿರಕ್ಕೆ ಮತ್ತೆ ಮತ್ತೆ ಹೋದವರದ್ದು. ಕಾರಣವನ್ನು ಥಾಮಸ್ ಡಿಶನ್ ವೀಡಿಯೋ ಚಿತ್ರೀಕರಣದಲ್ಲಿ ಹಿಡಿದರು: ಒಬ್ಬ ನಿಯಮ ಮುರಿದ ಕಥೆ ಹೇಳುತ್ತಾನೆ, ಉಳಿದವರು ನಗುತ್ತಾರೆ, ಆ ನಗುವೇ ಬಹುಮಾನ. ಸಮಾಲೋಚಕರು ವಾರಕ್ಕೆ ಒಂದು ಗಂಟೆ ಹೇಳಿದ್ದಕ್ಕಿಂತ ಆ ನಗು ಜೋರಾಗಿ ಕೆಲಸ ಮಾಡುತ್ತದೆ. ಗುಂಪು ಮಾಡಲೇಬೇಕಿದ್ದರೆ ಆರು ಜನರಲ್ಲಿ ಒಬ್ಬನೋ ಇಬ್ಬರೋ ಮಾತ್ರ ಅಂಥವರಿರಲಿ, ಮಾತಿಗಿಂತ ಕೈಕೆಲಸ ಇರಲಿ. ಹಿಂದಿನ ಬೆಂಚನ್ನು "ಅವರ ಬೆಂಚು" ಮಾಡುವುದೂ ಇದೇ ತಪ್ಪು.

ಕಾಯ್ದೆಪುಸ್ತಕ
ಕಾನೂನಿನ ಕಡೆಯಿಂದ ಸ್ವಲ್ಪ. ಮೇಲಿನ ಅಮೆರಿಕದ ಸಮೀಕ್ಷೆಗಳಲ್ಲಿ ಶಾಲೆ ತಪ್ಪಿಸುವುದು, ಮನೆ ಬಿಟ್ಟು ಹೋಗುವುದು ಸೇರಿರುತ್ತವೆ. ಅಲ್ಲಿ ಅಪ್ರಾಪ್ತರು ಇವನ್ನು ಮಾಡಿದರೆ ಬಾಲ ನ್ಯಾಯಾಲಯದವರೆಗೆ ಹೋಗಬಹುದು. ನಮ್ಮಲ್ಲಿ ಇವು ಅಪರಾಧವಲ್ಲ. ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಸಣ್ಣ ಅಪರಾಧ ಎಂದರೆ ಗರಿಷ್ಠ ಶಿಕ್ಷೆ 3 ವರ್ಷದವರೆಗಿನದು; ಹೀನ ಅಪರಾಧ ಎಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿನದು. 16 ತುಂಬಿದವರನ್ನು ದೊಡ್ಡವರಂತೆ ವಿಚಾರಿಸಬೇಕೇ ಎಂಬ ಪ್ರಾಥಮಿಕ ಪರಿಶೀಲನೆ (ಕಲಂ 15) ಹೀನ ಅಪರಾಧಕ್ಕೆ ಮಾತ್ರ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು, ಗುರುತು ಬಯಲುಮಾಡುವಂತಿಲ್ಲ (ಕಲಂ 74). ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುವವರು ಇದನ್ನು ನೆನಪಿಡಿ.

ಸಭೆಯಲ್ಲಿ ಪೋಷಕರು ನಿಜವಾಗಿ ಕಿವಿಗೊಡುವುದು ಮೋಟಾರು ವಾಹನ ಕಾಯ್ದೆಯ 199ಎ ಕಲಮಿಗೆ. ಅಪ್ರಾಪ್ತ ಮಗ ಬೈಕು ಓಡಿಸಿ ಅಪರಾಧವೆಸಗಿದರೆ ಪೋಷಕ ಅಥವಾ ವಾಹನದ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. 12 ತಿಂಗಳು ವಾಹನದ ನೋಂದಣಿ ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ವ್ಹೀಲಿಂಗ್ ಮಾಡುವ ಹುಡುಗನಿಗೆ ಬೈಕು ಸಿಕ್ಕಿದ್ದು ಸಾಮಾನ್ಯವಾಗಿ ಮನೆಯ ಮೊಳೆಗೆ ನೇತುಹಾಕಿದ ಕೀಲಿಯಿಂದಲೇ. ಮಕ್ಕಳಿಗೆ ತಂಬಾಕು, ಮದ್ಯ ಕೊಟ್ಟವರಿಗೆ ಬಾಲ ನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಗೇಟಿನ ಎದುರಿನ ಅಂಗಡಿಯ ಬಗ್ಗೆ ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಒಂದು ದೂರು ಕೊಡುವುದು ಹತ್ತು ಭಾಷಣಕ್ಕಿಂತ ಮೇಲು.

ಮೂಡುಬಿದಿರೆ ಅಮ್ಮ
ಮೊದಲು ಹೇಳಿದ್ದರಲ್ಲ, ಜವಾಬ್ದಾರಿ ಬೇಗ ಸಿಕ್ಕಿದವರು ಅಂತ. ಅಂದರೆ ಹತ್ತನೇ ಕ್ಲಾಸಿನ ಹುಡುಗನನ್ನು ರಜೆಯಲ್ಲಿ ಕೆಲಸಕ್ಕೆ ಹಾಕಿದರೆ ಒಳ್ಳೆಯದಾ?

ತುಂಗಾತೀರ
ಜವಾಬ್ದಾರಿ ಬೇರೆ, ಸಂಬಳ ಬೇರೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ನೋಡಿದರು. ಬಡತನ, ಮನೆಯಲ್ಲಿ ಕುಡಿತ, ಜಗಳ ಎಲ್ಲ ಇದ್ದೂ ಸುಮಾರು ಮೂರನೇ ಒಂದು ಪಾಲು ಮಕ್ಕಳು ಚೆನ್ನಾಗಿ ಬೆಳೆದರು. ಅವರಲ್ಲಿ ಪದೇ ಪದೇ ಕಂಡದ್ದು ಎರಡು: ಮನೆಯಲ್ಲೋ ಹೊರಗೋ ಬಿಡದೆ ಜೊತೆ ನಿಂತ ಒಬ್ಬ ಹಿರಿಯರು, ಅಜ್ಜಿ ಅಥವಾ ಮಾಸ್ತರು, ಮತ್ತೆ, ತಾನು ಮಾಡದಿದ್ದರೆ ನಿಂತೇ ಹೋಗುವ ಒಂದು ಕೆಲಸ, ತಮ್ಮ-ತಂಗಿಯರನ್ನು ನೋಡಿಕೊಳ್ಳುವಂಥದ್ದು. ನಮ್ಮಲ್ಲಿ ಹಾಲು ಡೈರಿಗೆ ಹಾಕಿ ಲೆಕ್ಕ ಬರೆಯುವುದು, ಮನೆಯ ರೇಷನ್ನು-ಗ್ಯಾಸಿನ ಹೊಣೆ ಪೂರ್ತಿ ಹೊರುವುದು ಈ ಜಾತಿಯದು. ಸುಮ್ಮನೆ "ಸಹಾಯ ಮಾಡು" ಅಲ್ಲ, ಹೊಣೆ ಅವನದೇ ಆಗಬೇಕು, ತಪ್ಪಿದರೆ ಅವನೇ ಸರಿಪಡಿಸಬೇಕು.

ಸಂಬಳದ ಕೆಲಸದ ಕಥೆ ತಿರುಗುಮುರುಗು. ಅಮೆರಿಕದಲ್ಲಿ ಶಾಲೆ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವ ಹುಡುಗರಲ್ಲಿ ಓದೂ ಕುಗ್ಗಿತು, ಕುಡಿತ-ಕಿಡಿಗೇಡಿತನವೂ ಹೆಚ್ಚಿತ್ತು. ಕೈಯಲ್ಲಿ ದುಡ್ಡು, ಸುತ್ತ ತನಗಿಂತ ದೊಡ್ಡ ಹುಡುಗರು, ಕೇಳುವವರಿಲ್ಲ. ನಮ್ಮಲ್ಲಿ 14ರ ಒಳಗಿನವರನ್ನು, ಶಾಲೆಯ ಹೊತ್ತು ಬಿಟ್ಟು ಸ್ವಂತ ಮನೆಯ ಕಸುಬಿನಲ್ಲಿ ಕೈಜೋಡಿಸುವುದನ್ನು ಬಿಟ್ಟರೆ, ದುಡಿಸುವುದೇ ಅಪರಾಧ.

ಅಂಕಿಸಂಖ್ಯೆ
ಈ ಚರ್ಚೆಯಲ್ಲಿ ಹೆಣ್ಣುಮಕ್ಕಳು ಕಾಣೆಯಾಗಿದ್ದಾರೆ, ಅದಕ್ಕೆ ಇದೊಂದು. ಡನೀಡಿನ್‌ನಲ್ಲೇ 1993ರಲ್ಲಿ ಅವ್ಷಲೋಮ್ ಕ್ಯಾಸ್ಪಿ ಮತ್ತು ಮಾಫಿಟ್ ತಂಡ, ಬೇಗ ಮೈನೆರೆದ ಹುಡುಗಿಯರನ್ನು ನೋಡಿತು. ಹುಡುಗ-ಹುಡುಗಿಯರ ಶಾಲೆಯಲ್ಲಿದ್ದವರಲ್ಲಿ ನಿಯಮ ಮುರಿಯುವುದು ಹೆಚ್ಚಿತ್ತು, ಹುಡುಗಿಯರದೇ ಶಾಲೆಯಲ್ಲಿ ಅದೇ ವಯಸ್ಸಿಗೆ ಮೈನೆರೆದವರಲ್ಲಿ ಅಷ್ಟಿಲ್ಲ. ದೇಹ ಒಂದೇ, ಸುತ್ತಲಿನವರು ಬೇರೆ. ಇದನ್ನು ಹಿಡಿದು ಹೆಣ್ಣುಮಕ್ಕಳನ್ನು ಬೇರೆ ಶಾಲೆಗೆ ಹಾಕಿ ಎನ್ನಲು ಹೊರಡಬೇಡಿ. ಏಳನೇ ತರಗತಿಯಲ್ಲೇ ದೊಡ್ಡವಳಾಗಿ ಕಾಣುವ ಹುಡುಗಿಯ ಸುತ್ತ ಅವಳಿಗಿಂತ ನಾಲ್ಕು ವರ್ಷ ದೊಡ್ಡವರು ಸೇರುತ್ತಿದ್ದಾರಾ ಎಂದು ನೋಡಿದರೆ ಸಾಕು.

ಕಡ್ಡಿಮುರಿ
ಎಲ್ಲವನ್ನೂ ಮನೆ-ಶಾಲೆಯ ತಲೆಗೇ ಕಟ್ಟಬೇಡಿ ಅಂತ ಒಂದು ಮಾತು. ಐಸ್‌ಲ್ಯಾಂಡ್ ಇದನ್ನು ಊರಿನ ಕೆಲಸ ಮಾಡಿತು. ಹದಿನೈದು-ಹದಿನಾರರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದವರು 1998ರಲ್ಲಿ 42 ಶೇಕಡ, 2016ರಲ್ಲಿ 5. ಆಟ-ಸಂಗೀತದ ತರಗತಿಗೆ ಪಾಲಿಕೆಯಿಂದ ಮಕ್ಕಳ ತಲೆಗಿಷ್ಟು ಎಂದು ಹಣ, ಪೋಷಕರ ನಡುವೆ ಬರೆದುಕೊಂಡ ಒಪ್ಪಂದ, 13ರಿಂದ 16ರವರು ಚಳಿಗಾಲದಲ್ಲಿ ರಾತ್ರಿ 10ರ ಮೇಲೆ ಹೊರಗಿಲ್ಲ ಎಂಬ ನಿಯಮ. ಅದೇ ಕಾಲದಲ್ಲಿ ಯುರೋಪಿನ ಬೇರೆ ಕಡೆಯೂ ಹುಡುಗರ ಕುಡಿತ ಇಳಿಯಿತು, ಆದ್ದರಿಂದ ಇಳಿದದ್ದೆಲ್ಲ ಇವರ ಪುಣ್ಯ ಅಲ್ಲ. ಆದರೂ ಒಂದೇ ತರಗತಿಯ ಪೋಷಕರೆಲ್ಲ "ನಮ್ಮ ಮಕ್ಕಳು ಇಷ್ಟು ಹೊತ್ತಿಗೆ ಮನೆ" ಎಂದು ಒಟ್ಟಿಗೆ ಒಪ್ಪಿಕೊಳ್ಳುವುದು ಖರ್ಚಿಲ್ಲದ್ದು. "ಅವರ ಮನೇಲಿ ಬಿಡ್ತಾರೆ" ಎಂಬ ಅಸ್ತ್ರ ಅಲ್ಲಿಗೆ ಮುರೀತು.

ಹೈಸ್ಕೂಲ್ ಮೇಷ್ಟ್ರು
ಎಲ್ಲ ಬರೆದುಕೊಂಡೆ. ಸಭೆ ಮಾರ್ಚ್ ಪರೀಕ್ಷೆಗೆ ಮುಂಚೆ. ಹತ್ತನೇ ತರಗತಿಯವರಿಗೆ ಬೇರೆಯಾಗಿ ಏನಾದರೂ ಹೇಳಬೇಕಾ?

ಆಪ್ತಸಮಾಲೋಚಕಿ
ಹೇಳಲೇಬೇಕು ಸರ್. ಮಾಫಿಟ್ ತಂಡ ಹದಿಹರೆಯದ ಕೆಲವು ಘಟನೆಗಳನ್ನು ಉರುಳು ಎನ್ನುತ್ತದೆ: ಶಾಲೆ ಬಿಡುವುದು, ಸಿಗರೇಟು ಚಟ, ಹದಿವಯಸ್ಸಲ್ಲೇ ತಾಯ್ತನ. ಸುಮ್ಮನೆ ಕಳೆದುಹೋಗಬಹುದಾಗಿದ್ದ ಎರಡು ವರ್ಷದ ಕಿಡಿಗೇಡಿತನವನ್ನು ಬದುಕಿಗೆ ಅಂಟಿಸುವುದು ಇವೇ. ನಮ್ಮಲ್ಲಿ ಮೊದಲನೆಯದು ಫಲಿತಾಂಶದ ವಾರದಲ್ಲಿ ನಡೆಯುತ್ತದೆ. ಫೇಲಾದ ಹುಡುಗ ಶಾಲೆಗೆ ಸೇರಿದವನಲ್ಲ, ಕಾಲೇಜಿಗೂ ಸೇರಿದವನಲ್ಲ. ಹಗಲೆಲ್ಲ ಖಾಲಿ, ಹಿರಿಯರಿಗೆ ಮುಖ ತೋರಿಸಲು ನಾಚಿಕೆ, ಜೊತೆಗೆ ಸಿಗುವವರು ಹೋದ ವರ್ಷ ಫೇಲಾದವರು.

ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಫಲಿತಾಂಶ ಬಂದ ಮೂರು ದಿನದೊಳಗೆ ಪಟ್ಟಿ ಹಿಡಿದು ಪ್ರತಿ ಮನೆಗೂ ತರಗತಿ ಶಿಕ್ಷಕರೇ ಫೋನು ಮಾಡಲಿ, ಹುಡುಗನ ಜೊತೆಗೂ ಮಾತಾಡಲಿ, ಅಪ್ಪನ ಜೊತೆ ಮಾತ್ರ ಅಲ್ಲ. ಪರೀಕ್ಷೆ-2ರ ಅರ್ಜಿ ತುಂಬುವ ಕೊನೆಯ ದಿನಾಂಕ ಹೇಳಿ, ಶಾಲೆಯಲ್ಲೇ ತುಂಬಿಸಿ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಪರಿಹಾರ ಬೋಧನೆ ಇಡಿ, ಹಾಜರಿ ತೆಗೆದುಕೊಳ್ಳಿ. ಒಂದು ದಿನ ಬಾರದಿದ್ದರೆ ಅದೇ ಸಂಜೆ ಫೋನು. ಮನಸ್ಸು ಕುಗ್ಗಿದಂತೆ ಕಂಡರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡೂ ಸಂಖ್ಯೆಯನ್ನು ಮಾರ್ಚಿನಲ್ಲೇ ಹಾಲ್ ಟಿಕೆಟ್ ಜೊತೆ ಕೊಟ್ಟುಬಿಡಿ.

ಹೈಸ್ಕೂಲ್ ಮೇಷ್ಟ್ರು
ಹಾಲ್ ಟಿಕೆಟ್ ಜೊತೆ ಕೊಡುವುದು ಆಗುತ್ತದೆ. ಫೋನಿನ ಪಟ್ಟಿಯನ್ನು ಈಗಲೇ ಮಾಡಿಸುತ್ತೇನೆ, ಮನೆಯವರ ನಂಬರು ಅರ್ಧ ಮಂದಿಯದು ಬದಲಾಗಿದೆ.